ಹರಳಹಳ್ಳಿಯಲ್ಲಿ ಅಳತೆ

ಬೋರ್ಡಿನ ಮೇಲೆ ಹರಳಹಳ್ಳಿ,
ಕಂಡಕ್ಟರನ ಬಾಯಲ್ಲಿ ಅರಳಳ್ಳಿ.
ನಾನಿಳಿದದ್ದು ಇವೆರಡರ ನಡುವೆ ಎಲ್ಲೋ,
ವಿ.ಸಿ. ನಾಲೆಯ ಏರಿಯ ಮೇಲೆ,
ಬಗಲಲ್ಲಿ ರಟ್ಟಿನ ಪ್ಯಾಡು,
ಅದರಲ್ಲಿ ಇಪ್ಪತ್ನಾಲ್ಕು ಹಾಳೆ,
ಮಗುವಿಗೊಂದು.

ಹಾಳೆಯೆಂದರೆ ಏಣಿ.
ಕೆಳಗೆ ಅಕ್ಷರ, ಅದರ ಮೇಲೆ ಪದ,
ಆಮೇಲೆ ವಾಕ್ಯ, ತುದಿಗೆ ಏಳು ಸಾಲಿನ ಕಥೆ.
ಮಗು ಎಲ್ಲಿ ನಿಲ್ಲುತ್ತದೋ ಅಲ್ಲೊಂದು ರೈಟು.
ತರಬೇತಿಯಲ್ಲಿ ಹೇಳಿದ್ದರು:
ಸುಳಿವು ಕೊಡಬೇಡಿ, ಮುಖ ಗಂಟಿಕ್ಕಬೇಡಿ,
ಅತಿಯಾಗಿ ನಗಲೂಬೇಡಿ.

ಶಿವನಂಜಮ್ಮ ಮಿಸ್ಸು ಟೀ ತರಿಸಿದರು.
ಅವರ ರಿಜಿಸ್ಟರಿನಲ್ಲಿ ಐದನೇ ತರಗತಿ
ಪೂರ್ತಿ ‘ಓದಬಲ್ಲರು’,
ಒಂದೇ ಇಂಕು, ಒಂದೇ ಮಧ್ಯಾಹ್ನದ ಕೈಬರಹ.
“ಐದು ಕ್ಲಾಸಿಗೆ ನಾವಿಬ್ಬರು.
ಅವರೊಬ್ಬರು ಮೊಟ್ಟೆ ಲೆಕ್ಕ ಕೊಡಲು ಹೋಗಿದ್ದಾರೆ” ಎಂದರು,
ನಾನೇನೂ ಕೇಳಿರಲಿಲ್ಲ.

ಮೊದಲು ಲಿಖಿತ್.
ಆಗಸ್ಟ್ ಹದಿನೈದಕ್ಕೆ ನಿಂತಂತೆ ನಿಂತ.
‘ಹಸುವಿಗೆ ಹಸಿವಾಯಿತು.
ಹಸು ಹಳ್ಳದ ಹತ್ತಿರ ಹೋಯಿತು.’
ಒಂದೊಂದು ಹಕಾರವೂ ತೊಳೆದಿಟ್ಟ ಲೋಟ.
ಹೋದ ವರ್ಷದ್ದೇ ಕಥೆ,
ಜಿಲ್ಲೆಯವರು ಬದಲಿಸಿರಲಿಲ್ಲ.
ಯಾಕೋ ಅನುಮಾನ ಬಂದು
ಹಾಳೆಯ ಮೇಲೆ ಅಂಗೈ ಇಟ್ಟೆ.
ತೂಬು ಇಳಿಸಿದರೂ ನೀರು ನಿಲ್ಲಲಿಲ್ಲ,
ನನ್ನ ಐದು ಬೆರಳ ಮೇಲೆ ಹಾದು
ಹಸು ಹಳ್ಳ ದಾಟಿ, ಹುಲ್ಲು ಮೇದು, ಮನೆಗೆ ಬಂತು.
ಕೈ ತೆಗೆದು ‘ಹಳ್ಳ’ ತೋರಿಸಿದೆ, ಅದೊಂದನ್ನೇ.
ಅವನು ಅದನ್ನು, ಊರಿಗೆ ಹೊಸದಾಗಿ ಬಂದವರನ್ನು
ನೋಡುವಂತೆ ನೋಡಿದ.
“ಹಸು” ಎಂದ.
ಪಕ್ಕದ್ದು?
“ಹಸು.”

ಆಮೇಲೆ ಮಾದೇವಿ.
ಬಿಸಿಯೂಟದ ತಟ್ಟೆ ತೊಳೆದು ಬಂದವಳು,
ಕೈ ಲಂಗಕ್ಕೆ ಒರೆಸಿಕೊಂಡರೂ ಬೆರಳು ಇನ್ನೂ ಒದ್ದೆ.
ಒಂದೊಂದು ಅಕ್ಷರದ ಕೆಳಗೂ ಒಂದೊಂದು ಹನಿಯ ಗುರುತು:
ಅ... ಸು... ವಿ... ಗೆ. ಅಸುವಿಗೆ.
ಅ... ಸಿ... ವಾಯಿತು.
ನಿಂತಳು. ಹಾಳೆಯನ್ನೇ ನೋಡಿ
“ಪಾಪ” ಎಂದಳು.
ಏನಂತೆ? ಎಂದೆ.
“ಉಲ್ಲು ಸಿಕ್ಕಿಲ್ವಂತೆ ಮಿಸ್, ಅದ್ಕೇ ಅಳ್ಳುದ್ ತಾವ್ಕೋಯ್ತದೆ.”

ಹಾಳೆಯ ಹಿಂದೆ ಸಣ್ಣಕ್ಷರದಲ್ಲಿದೆ ನಿಯಮ:
ಉಚ್ಚಾರದ ತಪ್ಪು ಮೂರು ಮೀರಿದರೆ
ಒಂದು ಮೆಟ್ಟಿಲು ಕೆಳಗಿಳಿಸಿ.
ಅವಳದು ಹನ್ನೊಂದು.
ಅವನದು ಸೊನ್ನೆ.

ನನ್ನ ಹಕಾರ ನನಗೆ ಬಂದದ್ದು
ಮಂಡ್ಯದ ಹಾಸ್ಟೆಲಿನಲ್ಲಿ, ವಾರ್ಡನ್ನಿನ ಸ್ಕೇಲಿನಿಂದ.
ಆಮೇಲೆ ಒಂದು ವರ್ಷ
ಅಕ್ಕನನ್ನು ಹಕ್ಕ ಎಂದೆ, ಆನೆಯನ್ನು ಹಾನೆ ಎಂದೆ,
ಎಲ್ಲಿ ಬೀಳುತ್ತದೋ ಏಟು ಎಂದು
ಎಲ್ಲದಕ್ಕೂ ಉಸಿರು ಹಚ್ಚಿದೆ.
ಅವ್ವ ನಗುತ್ತಿದ್ದಳು,
ಆಮೇಲಾಮೇಲೆ
ನನ್ನೆದುರು ಮಾತು ಕಡಿಮೆ ಮಾಡಿದಳು.

ಮಾದೇವಿಗೆ ‘ಕಥೆ’ ಎಂದು ರೈಟು ಹಾಕಿದೆ.
ಲಿಖಿತನಿಗೆ ‘ಅಕ್ಷರ’, ಅದೂ ಹ ಒಂದೇ.
ಷರಾ ಬರೆಯಲು ಬೆರಳಗಲದ ಜಾಗವಿತ್ತು.
‘ನೋಡದೆ ಓದುತ್ತಾನೆ’ ಎಂದು ಬರೆದು
ಹೊಗಳಿಕೆಯಂತೆ ಕಂಡು
ಹೊಡೆದುಹಾಕಿದೆ.

ಬೆನ್ನ ಹಿಂದೆ ಶಿವನಂಜಮ್ಮ ಮಿಸ್ಸು
ಯಾವಾಗ ಬಂದು ನಿಂತಿದ್ದರೋ.
“ಗೊತ್ತಿತ್ತು ಕನವ್ವ. ಒಂಬತ್ ಜನ ಇಂಗೇ” ಎಂದರು.
ಬೆಳಗಿನಿಂದ ಕಾದುಕೊಂಡು ಬಂದಿದ್ದ ಹಕಾರ
ಅಲ್ಲಿ ಜಾರಿಬಿತ್ತು.
ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ.
ಟೀ ಆರಿತ್ತು. ಇನ್ನೂ ಇಪ್ಪತ್ತೆರಡು ಮಕ್ಕಳಿದ್ದರು.

ಸಂಜೆ ಬಸ್ಸಿಗೆ ಕಾದಾಗ ಹಾಳೆ ಎಣಿಸಿದೆ.
ಒಂದು ಮಾತ್ರ, ನೀರು ಆರಿದ ಕಡೆ ಸುಕ್ಕಾಗಿ,
ಕಟ್ಟಿನಲ್ಲಿ ಸಮ ಕೂರುತ್ತಿರಲಿಲ್ಲ.
ಲಿಖಿತ್ ಏರಿಯ ಮೇಲೆ ಓಡಿ ಬಂದ,
ಏದುಸಿರು, ಒಂದು ಕಾಲಿಗೆ ಚಪ್ಪಲಿಯಿಲ್ಲ.
“ಮಿಸ್, ನಾನು ಪಾಸಾ?”
ಇದರಲ್ಲಿ ಪಾಸು ಫೇಲು ಇಲ್ಲ ಕಣೋ, ಎಂದೆ,
ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆಯೇ.
ಅವನು ಪ್ಯಾಡು ನೋಡಿದ. ನನ್ನನ್ನು ನೋಡಿದ.
“ಮತ್ಯಾಕೆ ಬರ್ಕೊಂಡೋಯ್ತಿದೀರಿ?”